‘ಕೊಠಡಿಯ ತಾಪಮಾನದಲ್ಲಿ ಇಡಿ’: ಹಣ್ಣಿನ ನೊಣ ಕಲಬುರಗಿಗೆ ಬಂದಾಗ

ಪ್ರಾಣಿಶಾಸ್ತ್ರದ ಪ್ರಾಯೋಗಿಕ ಕೈಪಿಡಿಗಳಲ್ಲಿ ಡ್ರೋಸೊಫಿಲಾ ಎಂಬ ಹಣ್ಣಿನ ನೊಣ ಸಾಕುವ ಪುಟಕ್ಕೆ ಬಂದರೆ ಒಂದು ಸೂಚನೆ ಸಾಮಾನ್ಯವಾಗಿ ಇದ್ದೇ ಇರುತ್ತದೆ: ಬಾಟಲಿಗಳನ್ನು ಕೊಠಡಿಯ ತಾಪಮಾನದಲ್ಲಿ ಇಡಿ. ಮೈಸೂರಿನಲ್ಲಿ ಓದಿದರೆ ಇದರಲ್ಲಿ ತಪ್ಪೇನೂ ಕಾಣದು. ಅಲ್ಲಿ ವರ್ಷದ ಬಹುಪಾಲು ಕೊಠಡಿಯೇ ನೊಣಕ್ಕೆ ಹಿತ. ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೇ ಬಿಸಿಲು ಬಲಿತಿರುತ್ತದೆ, ಮೇ ತಿಂಗಳಲ್ಲಿ 42–43 ಡಿಗ್ರಿ ಅಪರೂಪವಲ್ಲ. ಬಾಟಲಿಯಲ್ಲಿ ಮೊಟ್ಟೆ ಇರುತ್ತವೆ, ಒಡೆಯುವುದಿಲ್ಲ. ನೊಣ ಇರುತ್ತವೆ, ಸಂತತಿ ಇರುವುದಿಲ್ಲ. ಆಹಾರ ಸರಿ ಬೇಯಲಿಲ್ಲ, ಸ್ಟಾಕ್ ಹಳೆಯದು, ವಿದ್ಯಾರ್ಥಿ ನೋಡಿಕೊಳ್ಳಲಿಲ್ಲ ಎಂದು ಕಾರಣಗಳು ಬೆಳೆಯುತ್ತ ಹೋಗಿ, ಕೊನೆಗೆ ಪ್ರಯೋಗ ಗೋಡೆಯ ಮೇಲಿನ ಚಾರ್ಟಿಗೆ ಇಳಿಯುತ್ತದೆ.

ಹೆಸರಿನಲ್ಲೂ ಒಂದು ತೊಡಕಿದೆ. ಬೀದರ ಕಡೆಯ ಮಾವು, ಪೇರು ಬೆಳೆಗಾರರು ಬೈಯುವ ಹಣ್ಣಿನ ನೊಣ ಇದಲ್ಲ. ಅದು ಬ್ಯಾಕ್ಟ್ರೋಸೆರಾ. ಹೆಚ್ಚುಕಡಿಮೆ ಮನೆನೊಣದಷ್ಟು ದೊಡ್ಡದು, ಬಲಿಯುತ್ತಿರುವ ಹಣ್ಣಿನ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ, ತೋಟದಲ್ಲಿ ಮಿಥೈಲ್ ಯೂಜಿನಾಲ್ ಬಲೆ ಕಟ್ಟುವುದು ಅದಕ್ಕಾಗಿ. ಪ್ರಯೋಗಾಲಯದ ಡ್ರೋಸೊಫಿಲಾ ಮೆಲನೊಗ್ಯಾಸ್ಟರ್ ಎರಡೂವರೆ, ಮೂರು ಮಿಲಿಮೀಟರಿನದು. ಕೆಂಪು ಕಣ್ಣು. ಹುಳಿ ಬಂದ ಬಾಳೆಹಣ್ಣಿನ ಮೇಲೆ ಆಡುತ್ತದೆ, ಅಲ್ಲಿ ಬೆಳೆಯುವ ಯೀಸ್ಟ್ ಅದರ ಮುಖ್ಯ ಆಹಾರ. ಯೂಜಿನಾಲ್ ಬಲೆ ಕಟ್ಟಿ ಇದಕ್ಕಾಗಿ ಕಾದರೆ ಕೆಲಸವಾಗದು. ಒಂದು ಕಳಿತ ಬಾಳೆಹಣ್ಣು, ಚಿಟಿಕೆ ಯೀಸ್ಟ್ ಸಾಕು.

ಈ ನೊಣದ ಮೊದಲ 70 ವರ್ಷಗಳನ್ನು ಬೇಗ ಹೇಳಿಬಿಡಬಹುದು. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಬಿಳಿ ಕಣ್ಣಿನ ಗಂಡು ನೊಣವನ್ನು ವರದಿ ಮಾಡಿದರು. 1913ರಲ್ಲಿ ಅವರ ಶಿಷ್ಯ ಸ್ಟರ್ಟವಂಟ್ ಜೀನುಗಳ ಮೊದಲ ನಕ್ಷೆ ಪ್ರಕಟಿಸಿದರು, 1927ರಲ್ಲಿ ಮುಲ್ಲರ್ ಎಕ್ಸ್‌ರೇ ಹಾಯಿಸಿ ಜೀನುಗಳಲ್ಲಿ ರೂಪಾಂತರಗಳನ್ನು (ಮ್ಯುಟೇಷನ್) ಹುಟ್ಟಿಸಿದರು, 1933ರಲ್ಲಿ ಪೇಂಟರ್ ಲಾಲಾಗ್ರಂಥಿಯ ದೈತ್ಯ ವರ್ಣತಂತುಗಳ ಪಟ್ಟೆಗಳನ್ನು ಬಿಡಿಸಿ ತೋರಿಸಿದರು. ಮಾರ್ಗನ್ ಮೂಲತಃ ಭ್ರೂಣಶಾಸ್ತ್ರದವರು. ಆದರೂ ಒಂದು ಮೊಟ್ಟೆ ಹೇಗೆ ತಲೆ, ಎದೆ, ಹೊಟ್ಟೆ ಎಂದು ವಿಂಗಡವಾಗುತ್ತದೆ ಎಂಬ ಅವರ ಹಳೆಯ ಪ್ರಶ್ನೆಗೆ ಅವರದೇ ನೊಣ ಉತ್ತರ ಕೊಟ್ಟದ್ದು ಬಹಳ ತಡವಾಗಿ.

ಆ ಉತ್ತರ ಬಂದದ್ದು ಜರ್ಮನಿಯ ಹೈಡೆಲ್‌ಬರ್ಗಿನಿಂದ. ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಶಾವ್ಸ್ ರಾಸಾಯನಿಕದಿಂದ ರೂಪಾಂತರ ತಂದ ಸಾವಿರಾರು ನೊಣ ಸಂತತಿಗಳನ್ನು ಬೆಳೆಸಿ, ಮೊಟ್ಟೆಯೊಳಗೇ ಸತ್ತ ಮರಿಗಳ ಹೊರಚರ್ಮವನ್ನು ಇಬ್ಬರೂ ಒಟ್ಟಿಗೆ ನೋಡಬಲ್ಲ ಜೋಡಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಸರಿಯಾಗಿ ಬೆಳೆದ ಮರಿಯ ಹೊಟ್ಟೆಯ ಕೆಳಭಾಗದಲ್ಲಿ ಎಂಟು ಸಾಲು ಸಣ್ಣ ಮುಳ್ಳುಗಳಿರುತ್ತವೆ. ಕೆಲವು ಸತ್ತ ಮರಿಗಳಲ್ಲಿ ನಡುವಿನ ಸಾಲುಗಳ ಒಂದು ಗುಂಪೇ ಇರಲಿಲ್ಲ. ಕೆಲವದರಲ್ಲಿ ಒಂದು ಬಿಟ್ಟು ಒಂದು ಸಾಲು ಮಾಯ. ಇನ್ನು ಕೆಲವದರಲ್ಲಿ ಸಾಲುಗಳ ಎಣಿಕೆ ಸರಿ, ಆದರೆ ಪ್ರತಿ ಖಂಡದ ಒಂದು ಭಾಗ ಕಾಣೆಯಾಗಿ ಉಳಿದ ಭಾಗ ತಿರುಗುಮುರುಗಾಗಿತ್ತು. 1980ರ ಅವರ ಪ್ರಬಂಧ ಇಂಥ 15 ಜೀನುಗಳನ್ನು ಮೂರು ಗುಂಪಾಗಿ ವಿಂಗಡಿಸಿತು. ದೇಹ ಮೊದಲು ದೊಡ್ಡ ಹೋಳುಗಳಾಗಿ, ಆಮೇಲೆ ಜೋಡಿಗಳಾಗಿ, ಕೊನೆಗೆ ಒಂದೊಂದು ಖಂಡದ ಹಿಂದು ಮುಂದು ಗೊತ್ತಾಗಿ ಬೆಳೆಯುತ್ತದೆ ಎಂಬುದು ಸತ್ತ ಮರಿಗಳ ಚರ್ಮದ ಮೇಲೇ ಬರೆದಿತ್ತು. 1984ರಲ್ಲಿ ಹೋಮಿಯೊಬಾಕ್ಸ್ ಎಂಬ ಡಿಎನ್‌ಎ ತುಣುಕು ನೊಣದಲ್ಲೂ ಕಶೇರುಕಗಳಲ್ಲೂ ಇದೆಯೆಂದು ತಿಳಿದ ಮೇಲೆ ‘ಇದು ನೊಣದ ವಿಚಾರ’ ಎಂದು ಪಕ್ಕಕ್ಕಿಡಲು ಯಾರಿಗೂ ಆಗಲಿಲ್ಲ. 1995ರ ನೊಬೆಲ್ ಈ ಇಬ್ಬರಿಗೂ, ಅವರಿಗಿಂತ ಮೊದಲೇ ನಾಲ್ಕು ರೆಕ್ಕೆಯ ನೊಣದ ಜೀನುಗಳ ಬೆನ್ನು ಹತ್ತಿದ್ದ ಎಡ್ವರ್ಡ್ ಲೂಯಿಸ್ ಅವರಿಗೂ ಸಂದಿತು.

ಈ ಕಥೆಯುದ್ದಕ್ಕೂ ಒಂದು ಅಂಕಿ ತೆರೆಯ ಹಿಂದೆ ನಿಂತಿದೆ: 25 ಡಿಗ್ರಿ ಸೆಲ್ಸಿಯಸ್. ಭ್ರೂಣಶಾಸ್ತ್ರದ ಪಠ್ಯಗಳಲ್ಲಿ ನೊಣದ ಮೊಟ್ಟೆಗೆ ಕೊಟ್ಟಿರುವ ಗಡಿಯಾರವೆಲ್ಲ ಸಾಮಾನ್ಯವಾಗಿ ಈ ತಾಪಮಾನಕ್ಕೆ ಹೊಂದಿಸಿದ್ದು. ಮೊದಲ ಎರಡು ತಾಸು ಕೋಶಕೇಂದ್ರಗಳು ಮಾತ್ರ ಒಡೆಯುತ್ತ ಹೋಗುತ್ತವೆ, ಕೋಶಗಳನ್ನು ಬೇರ್ಪಡಿಸುವ ಪೊರೆ ಇರುವುದಿಲ್ಲ. 13 ವಿಭಜನೆ ಮುಗಿದಾಗ ಸುಮಾರು 6,000 ಕೇಂದ್ರಗಳು ಅಂಚಿಗೆ ಬಂದು ನಿಂತಿರುತ್ತವೆ. ಮೂರನೇ ತಾಸಿನ ಹೊತ್ತಿಗೆ ಪೊರೆ ಎದ್ದು ಒಳಮಡಿಕೆ ಶುರು. 22ರಿಂದ 24 ತಾಸಿಗೆ ಮರಿ ಹೊರಗೆ. ನಾಲ್ಕು ದಿನ ಮರಿಹುಳು, ನಾಲ್ಕೈದು ದಿನ ಕೋಶಾವಸ್ಥೆ (ಪ್ಯೂಪಾ), ಹತ್ತನೆಯ ದಿನ ನೊಣ. 18 ಡಿಗ್ರಿಯಲ್ಲಿ ಇದೇ ಪಯಣಕ್ಕೆ ಹೆಚ್ಚುಕಡಿಮೆ ಇಮ್ಮಡಿ ಸಮಯ. 30ರ ಆಸುಪಾಸಿನಲ್ಲಿ ಬೆಳೆದ ಗಂಡುಗಳು ನೋಡಲು ಗಟ್ಟಿಮುಟ್ಟು, ಕೂಡುತ್ತವೆ ಕೂಡ, ಆದರೆ ವೀರ್ಯ ಸರಿಯಾಗಿ ಬಲಿಯದೆ ಬಂಜೆಯಾಗುತ್ತವೆ. ಬಾಟಲಿ ತುಂಬ ನೊಣವಿದ್ದೂ ಮುಂದಿನ ಪೀಳಿಗೆ ಇಲ್ಲದಿರುವುದಕ್ಕೆ ನಮ್ಮಲ್ಲಿ ಮೊದಲು ಅನುಮಾನಿಸಬೇಕಾದ ಕಾರಣ ಇದೇ.

ಕರ್ನಾಟಕಕ್ಕೆ ಈ ನೊಣದ ಪಾಠ ಹಬ್ಬಿದ್ದು ಬಹುಮಟ್ಟಿಗೆ ಮೈಸೂರಿನ ಮಾನಸಗಂಗೋತ್ರಿಯಿಂದ. ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗ ದಶಕಗಳಿಂದ ಡ್ರೋಸೊಫಿಲಾ ತಳಿಗಳನ್ನು ಕಾಪಾಡಿಕೊಂಡು ಬಂದಿದೆ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ (ಟಿಐಎಫ್‌ಆರ್) ಒಬೈದ್ ಸಿದ್ದಿಕಿ 1976ರಲ್ಲಿ ಸೀಮೋರ್ ಬೆಂಜರ್ ಜೊತೆ ಬರೆದ ಪ್ರಬಂಧ, ಬಿಸಿ ಏರಿದರೆ ಲಕ್ವ ಹೊಡೆದಂತೆ ಬೀಳುವ, ತಂಪಾದರೆ ಎದ್ದು ಓಡಾಡುವ ನೊಣಗಳ ನರಗಳ ಕುರಿತದ್ದು. ನೊಣದ ಬದುಕಿನಲ್ಲಿ ಕೆಲವೇ ಡಿಗ್ರಿಗಳ ಬೆಲೆಯೇನು ಎಂಬುದು ಈ ದೇಶದ ವಿಜ್ಞಾನಿಗಳಿಗೆ ಹೊಸ ವಿಷಯವಾಗಿರಲಿಲ್ಲ. ಕಲಬುರಗಿಯಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಹಾಗೆ ವಿಭಾಗಗಳು, ಪಠ್ಯಕ್ರಮಗಳು ಇಲ್ಲಿಗೆ ಬಂದವು. 2011ರ ನಂತರ ಯುಜಿಸಿ ಕಪ್ಪೆ ಮೊದಲಾದ ಪ್ರಾಣಿಗಳ ಡಿಸೆಕ್ಷನ್ ಕೈಬಿಡಲು ಸೂಚಿಸಿದಾಗ, ಖಾಲಿಯಾದ ಜಾಗಕ್ಕೆ ನೊಣ ಇನ್ನಷ್ಟು ಮುಂದೆ ಬಂತು. ಒಳ್ಳೆಯ ಬದಲಾವಣೆಯೇ. ಪಠ್ಯ ಬಂತು, ಬಾಟಲಿ ಬಂತು, ಸೂಕ್ಷ್ಮದರ್ಶಕವೂ ಬಂತು. 25 ಡಿಗ್ರಿ ಮಾತ್ರ ಮೈಸೂರಿನಲ್ಲೇ ಉಳಿಯಿತು.

ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ರೂಢಿಯಿದೆ. ಮನುಷ್ಯರ ವಿಷಯದಲ್ಲಿ ಒಪ್ಪಿಕೊಂಡ ಬಿಸಿಲನ್ನು ಪ್ರಾಯೋಗಿಕ ವೇಳಾಪಟ್ಟಿಯೂ ಒಪ್ಪಿಕೊಳ್ಳಬೇಕಿತ್ತು.

ಬಿಸಿಯ ಕೆಡುಕು ಬಂಜೆತನಕ್ಕೆ ನಿಲ್ಲುವುದಿಲ್ಲ, ಅದು ಸುಳ್ಳು ಫಲಿತಾಂಶವನ್ನೂ ಕೊಡುತ್ತದೆ. 1953ರಲ್ಲಿ ಬ್ರಿಟನ್ನಿನ ಭ್ರೂಣಶಾಸ್ತ್ರಜ್ಞ ವ್ಯಾಡಿಂಗ್ಟನ್, ಕೋಶಾವಸ್ಥೆಗೆ ಹೋಗಿ 21ರಿಂದ 23 ತಾಸಾದ ನೊಣಗಳನ್ನು 4 ತಾಸು 40 ಡಿಗ್ರಿಯಲ್ಲಿಟ್ಟರು. ಹೊರಬಂದವುಗಳಲ್ಲಿ ಕೆಲವದರ ರೆಕ್ಕೆಯಲ್ಲಿ ಅಡ್ಡನರವೇ ಇರಲಿಲ್ಲ. ಅದು ರೂಪಾಂತರವಲ್ಲ, ರೂಪಾಂತರದಂತೆ ಕಾಣುವ ಬಿಸಿಯ ಪೆಟ್ಟು. ಅವರು ಬೇಕೆಂದೇ ಮಾಡಿದ್ದು ನಮ್ಮ ಕಿಟಕಿಯ ಬಳಿಯ ಕಪಾಟಿನಲ್ಲಿ ಮೇ ಮಧ್ಯಾಹ್ನ ತಾನಾಗಿಯೇ ಆಗಬಹುದು, ವಿದ್ಯಾರ್ಥಿ ಅದನ್ನು ಮೆಂಡೆಲನ 3:1 ಅನುಪಾತದ ಲೆಕ್ಕದಲ್ಲಿ ಸೇರಿಸಿಬಿಡಬಹುದು. ಲಾಲಾಗ್ರಂಥಿಯ ವಿಷಯವೂ ಹೀಗೇ. 1962ರಲ್ಲಿ ರಿಟೋಸಾ ವರದಿ ಮಾಡಿದಂತೆ ಬಿಸಿ ತಗುಲಿದ ಮರಿಯ ವರ್ಣತಂತುಗಳಲ್ಲಿ ಬೇರೆಯದೇ ಜಾಗಗಳು ಉಬ್ಬುತ್ತವೆ. ಬಿಸಿಯ ಪೆಟ್ಟಿಗೆ ಜೀವಕೋಶ ತಯಾರಿಸುವ ಹೀಟ್ ಶಾಕ್ ಪ್ರೋಟೀನುಗಳ ಇಡೀ ಅಧ್ಯಯನ ಅಲ್ಲಿಂದ ಹುಟ್ಟಿತು. 37 ಡಿಗ್ರಿಯ ಕೊಠಡಿಯಲ್ಲಿ ಮರಿಯನ್ನು ಕೊಯ್ದು ಪಠ್ಯದ ಚಿತ್ರಕ್ಕೆ ಹೋಲಿಸಿದರೆ ಹೋಲದು, ಹೋಲಬಾರದು.

ಎಣಿಸುವ ಮೊದಲು ನೊಣಗಳಿಗೆ ಮಂಪರು ತರಿಸಲು ಬಳಸುವ ಈಥರ್ ಮತ್ತೊಂದು ಅಪಾಯ. ಅದರ ಕುದಿಬಿಂದು 34.6 ಡಿಗ್ರಿ, ಅಂದರೆ ಬೇಸಿಗೆಯಲ್ಲಿ ಮೇಜಿನ ಮೇಲಿಟ್ಟ ಸೀಸೆಯಲ್ಲೇ ಕುದಿಯುವ ದ್ರವ. ಮುಚ್ಚಳ ತೆಗೆದರೆ ಆವಿ ನುಗ್ಗುತ್ತದೆ, ಸ್ಪಿರಿಟ್ ದೀಪ ಹತ್ತಿರವಿದ್ದರೆ ಬೆಂಕಿ. ಹತ್ತಿಗೆ ಎರಡು ಹನಿ ಹಾಕಿದರೂ ಪ್ರಮಾಣ ಮೀರುತ್ತದೆ. ರೆಕ್ಕೆಗಳು ದೇಹಕ್ಕೆ ನೆಟ್ಟಗೆ ಲಂಬವಾಗಿ ನಿಂತಿದ್ದರೆ ಆ ನೊಣ ಸತ್ತಂತೆ. ಸಾಲದ್ದಕ್ಕೆ, ಮೂರು ತಾಸಿನ ಆಸುಪಾಸಿನ ಮೊಟ್ಟೆಗೆ ಈಥರ್ ಆವಿ ತಾಗಿದರೆ ಲೂಯಿಸರ ನಾಲ್ಕು ರೆಕ್ಕೆಯ ನೊಣದ ನಕಲು ಹುಟ್ಟಬಲ್ಲದು. ಇಲ್ಲಿ ಮಂಜುಗಡ್ಡೆಯೇ ಮೇಲು. ನೊಣಗಳ ಸೀಸೆಯನ್ನು ಎರಡು ಮೂರು ನಿಮಿಷ ಮಂಜಿನಲ್ಲಿ ಹುಗಿದು, ಮಂಜಿನ ಮೇಲಿಟ್ಟ ಪೆಟ್ರಿ ತಟ್ಟೆಯಲ್ಲಿ ಸುರುವಿ ಎಣಿಸಬಹುದು. ತಟ್ಟೆಯ ತಳ ಒಣಗಿರಬೇಕು, ತೇವವಿದ್ದರೆ ರೆಕ್ಕೆ ಅಂಟುತ್ತದೆ.

ಆಹಾರಕ್ಕೆ ನಮ್ಮ ಅಡುಗೆಮನೆಯ ಸಾಮಾನೇ ಸಾಕು. ಒಂದು ಲೀಟರ್ ನೀರು, 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, ಏಳೂವರೆ ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ. ಬೆಲ್ಲ ಕರಗಿಸಿ ಸೋಸಿ, ಅಗರ್ ಪೂರ್ತಿ ಕರಗಿದ ಮೇಲೆ ರವೆ ಉದುರಿಸಿ ಕೈಬಿಡದೆ ತಿರುವಬೇಕು. ಗಂಟಾದರೆ ಒಳಗೆ ಹಸಿ ಉಳಿದು ಬೂಷ್ಟು ಅಲ್ಲಿಂದಲೇ ಶುರು. ಆಮ್ಲವನ್ನು ಕುದಿಯುವಾಗ ಹಾಕಿದರೆ ಆವಿಯಾಗಿ ಹೋಗುತ್ತದೆ, ಒಲೆ ಆರಿಸಿ 60 ಡಿಗ್ರಿಯ ಸುಮಾರಿಗೆ ಇಳಿದಾಗ ಸೇರಿಸಬೇಕು. ಬಾಟಲಿಗೆ ಒಂದಿಂಚು ಸುರಿದು, ಬಟ್ಟೆ ಮುಚ್ಚಿ ರಾತ್ರಿ ಆರಲು ಬಿಟ್ಟು, ಬೆಳಿಗ್ಗೆ ನಾಲ್ಕು ಕಾಳು ಯೀಸ್ಟ್ ಹಾಕಿ ಹತ್ತಿ ಬಿರಡೆ. ನಮ್ಮ ಒಣ ಹವೆಯಲ್ಲಿ ಈ ಆಹಾರ ಕುಗ್ಗಿ ಗೋಡೆ ಬಿಡುತ್ತದೆ, ಆ ಸಂದಿಗೆ ಇಳಿದ ನೊಣ ಮೇಲೆ ಬರುವುದಿಲ್ಲ. ಬಾಟಲಿಗಳ ನಡುವೆ ಒಂದು ಬೋಗುಣಿ ನೀರಿಟ್ಟರೆ ಒಣಗುವುದು ತಗ್ಗುತ್ತದೆ. ಕಪಾಟಿನ ಕಾಲುಗಳನ್ನೂ ನೀರಿನ ಬಟ್ಟಲಲ್ಲಿಡಿ, ಬೆಲ್ಲವಿದ್ದಲ್ಲಿ ಇರುವೆ ಬಂದೇ ಬರುತ್ತದೆ.

ತಂಪಿಗೆ ಬಿಒಡಿ ಇನ್‌ಕ್ಯುಬೇಟರ್ (ಬೇಕಾದ ತಾಪಮಾನವನ್ನು ಕಾಯುವ ಪೆಟ್ಟಿಗೆ) ಇದ್ದರೆ ಅದಕ್ಕಿಂತ ಬೇರೆ ಬೇಡ, ಕರೆಂಟು ನಿಲ್ಲುವ ಊರಲ್ಲಿ ಇನ್ವರ್ಟರ್ ಜೊತೆಗಿರಲಿ. ಇಲ್ಲದಲ್ಲಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬೆಳಿಗ್ಗೆ ಸಂಜೆ ಬದಲಿಸುವ ಎರಡು ಮಂಜುಗಟ್ಟಿದ ನೀರಿನ ಬಾಟಲಿ, ಅವುಗಳಿಗೂ ನೊಣದ ಸೀಸೆಗೂ ನಡುವೆ ರಟ್ಟು, ಒಳಗೆ ಥರ್ಮಾಮೀಟರ್. ದೊಡ್ಡ ಹರವಿಯೊಳಗೆ ಸಣ್ಣ ಹರವಿ ಇಟ್ಟು ನಡುವೆ ಒದ್ದೆ ಮರಳು ತುಂಬಿದರೂ ಏಪ್ರಿಲಿನ ಒಣ ಗಾಳಿಯಲ್ಲಿ ಒಳ್ಳೆಯ ತಂಪು ಸಿಗುತ್ತದೆ, ಮಳೆಯ ಹವೆ ಬಂದ ಮೇಲೆ ಸಿಗದು. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ನಾಲ್ಕು ಡಿಗ್ರಿಯಲ್ಲಿ ಮೊಟ್ಟೆ, ಮರಿ ಉಳಿಯುವುದಿಲ್ಲ. ಪ್ರತಿ ಸ್ಟಾಕಿಗೂ ಎರಡು ಬಾಟಲಿ, ವಾರದ ಅಂತರದಲ್ಲಿ, ಬೇರೆ ಬೇರೆ ಕೊಠಡಿಯಲ್ಲಿ.

ಎರಡು ತಳಿಗಳನ್ನು ಅಡ್ಡಹಾಯಿಸುವ ಪ್ರಯೋಗಕ್ಕೆ ಹೆಣ್ಣುಗಳನ್ನು, ಗಂಡಿನೊಡನೆ ಕೂಡುವ ಮೊದಲೇ, ಹೊರಬಂದ 8 ತಾಸಿನೊಳಗೆ ಬೇರ್ಪಡಿಸಿ ಎಂಬುದೂ 25 ಡಿಗ್ರಿಯ ಮಾತೇ, ಸೆಕೆಯಲ್ಲಿ ಆ ಅವಧಿ ಇನ್ನೂ ಮೊಟಕು. ಸಂಜೆ ಬಾಟಲಿ ಖಾಲಿ ಮಾಡಿ 18 ಡಿಗ್ರಿಯಲ್ಲಿಟ್ಟರೆ ಬೆಳಿಗ್ಗೆಯವರೆಗೆ, 16 ತಾಸಿನಷ್ಟು, ನಿಶ್ಚಿಂತೆ. ಮಸುಕು ಮೈ, ಹೊಟ್ಟೆಯಲ್ಲಿ ಕಪ್ಪು ಚುಕ್ಕೆ ಇದ್ದವು ಆಗತಾನೇ ಹೊರಬಂದವು.

ಬೀದರಿಗೆ ಇದೇ ಲೆಕ್ಕ ತಲೆಕೆಳಗು. ಎತ್ತರದ ಊರು, ಡಿಸೆಂಬರಿನಲ್ಲಿ ಚಳಿ ಗಟ್ಟಿ. ಹತ್ತು ದಿನಕ್ಕೆ ನೊಣ ಬರಬೇಕೆಂದು ಕಾದವರಿಗೆ ಮೂರು ವಾರವಾದರೂ ಪ್ಯೂಪಾಗಳೇ ಕಾಣುತ್ತವೆ, ಸತ್ತವೆಂದು ಬಾಟಲಿ ತೊಳೆದುಬಿಡುತ್ತಾರೆ. ಲಾಲಾಗ್ರಂಥಿಗಾದರೆ ಅದೇ ತಿಂಗಳು ಸುಗ್ಗಿ, ತಂಪಿನಲ್ಲಿ ನಿಧಾನವಾಗಿ ಕೊಬ್ಬಿದ ಮರಿಗಳ ವರ್ಣತಂತು ದಪ್ಪವಾಗಿ ಬಿಡಿಸಿಕೊಳ್ಳುತ್ತದೆ. ಯಾದಗಿರಿಯಲ್ಲೂ ಕಲಬುರಗಿಯಲ್ಲೂ ಭ್ರೂಣದ ಪಾಠವನ್ನು ಆಗಸ್ಟಿನಿಂದ ಜನವರಿಯೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದು. ಬಾಟಲಿಯ ಚೀಟಿಯ ಮೇಲೆ ತಳಿಯ ಹೆಸರು, ದಿನಾಂಕದ ಪಕ್ಕದಲ್ಲಿ ಆ ದಿನದ ಗರಿಷ್ಠ, ಕನಿಷ್ಠ ಡಿಗ್ರಿಯನ್ನೂ ಬರೆದಿಡಿ. ಎಣಿಕೆ ತಪ್ಪಿದಾಗ ಮೊದಲು ನೋಡಬೇಕಾದದ್ದು ಆ ಚೀಟಿ.