ಮುಟ್ಟಿದ್ದು ಯಾರಿಗೆ ಗೊತ್ತು? ಶಾಲಾ ಆಟ ಮತ್ತು ಕ್ರೀಡಾ ಮನೋಭಾವ

ದೈಹಿಕ ಶಿಕ್ಷಣ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಪರೀಕ್ಷೆಯಲ್ಲಿ "ಶಾಲಾ ಆಟಗಳಲ್ಲಿ ಕ್ರೀಡಾ ಮನೋಭಾವ ಎಂದರೇನು?" ಎಂಬ ಪ್ರಶ್ನೆ ಬಂದರೆ ನಾವು ಹೆಚ್ಚಿನವರು "ಗೆದ್ದಾಗ ಬೀಗಬಾರದು, ಸೋತಾಗ ಕುಗ್ಗಬಾರದು" ಎಂದು ಬರೆದು ಮುಂದಕ್ಕೆ ಹೋಗುತ್ತೇವೆ. ಆ ಮಾತು ಸುಳ್ಳಲ್ಲ, ಆದರೆ ಮೈದಾನದಲ್ಲಿ ನಿಂತಾಗ ಅದು ನೆರವಿಗೆ ಬರುವುದಿಲ್ಲ. ಮೊದಲು ನಿಯಮಪಾಲನೆ ಬೇರೆ, ಕ್ರೀಡಾ ಮನೋಭಾವ ಬೇರೆ ಎಂಬುದನ್ನು ಬಿಡಿಸಿಕೊಳ್ಳಬೇಕು.

ಕಬಡ್ಡಿಯನ್ನೇ ತೆಗೆದುಕೊಳ್ಳಿ. ದಾಳಿಗೆ ಬಂದವನ ಬಾಯಿ ಮುಚ್ಚುವುದು, ಕತ್ತು ಹಿಸುಕುವುದು ನಿಯಮಕ್ಕೆ ವಿರುದ್ಧ. ಅನುಚಿತ ವರ್ತನೆಗೆ ಕಾರ್ಡ್‌ಗಳಿವೆ: ಹಸಿರು ಎಂದರೆ ಎಚ್ಚರಿಕೆ, ಹಳದಿ ಎಂದರೆ 2 ನಿಮಿಷ ಹೊರಗೆ, ಕೆಂಪು ಎಂದರೆ ಆ ಪಂದ್ಯದಿಂದಲೇ ಹೊರಗೆ. ಇವೆಲ್ಲ ಅಂಪೈರ್ ಕಣ್ಣಿಗೆ ಬಿದ್ದರೆ ಮಾತ್ರ. ಹೋಬಳಿ ಮಟ್ಟದ ಪಂದ್ಯದಲ್ಲಿ, ಧೂಳು ಎದ್ದ ಅಂಕಣದಲ್ಲಿ, ದಾಳಿಗಾರನ ಬೆರಳ ತುದಿ ಎದುರಾಳಿಯ ಮೊಣಕೈಗೆ ಸವರಿ ಹೋಗುತ್ತದೆ. ಅಂಪೈರ್ ಆಚೆ ಬದಿಯಲ್ಲಿದ್ದಾರೆ. ಮುಟ್ಟಿಸಿಕೊಂಡ ಹುಡುಗನಿಗೆ ಮಾತ್ರ ಅದು ಖಚಿತವಾಗಿ ಗೊತ್ತು. ಅವನು ತಾನಾಗಿ ಕೈ ಎತ್ತಿ ಹೊರನಡೆಯುತ್ತಾನೆಯೇ? ನಿಯಮದ ಪುಸ್ತಕ ಕೈಬಿಡುವ ಆ ಒಂದು ಕ್ಷಣದಲ್ಲೇ ಕ್ರೀಡಾ ಮನೋಭಾವ ಶುರುವಾಗುತ್ತದೆ.

ಇದಕ್ಕೆ ದೊಡ್ಡವರ ಆಟದಿಂದ ನಾನು ಆರಿಸಿಕೊಳ್ಳುವ ಉದಾಹರಣೆ ಭದ್ರಾವತಿಯ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಅವರದು. 1980ರ ಫೆಬ್ರುವರಿ, ಮುಂಬೈನ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವ ಟೆಸ್ಟ್. 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿದ್ದ ಇಂಗ್ಲೆಂಡನ್ನು ಇಯಾನ್ ಬೋಥಂ, ಬಾಬ್ ಟೇಲರ್ ಜೋಡಿ ಎತ್ತಿ ನಿಲ್ಲಿಸಲು ಹೆಣಗುತ್ತಿತ್ತು. ಕಪಿಲ್ ದೇವ್ ಎಸೆತದಲ್ಲಿ ಟೇಲರ್ ಕ್ಯಾಚ್ ಔಟ್ ಎಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್‌ನಲ್ಲಿ ನಿಂತಿದ್ದ ಭಾರತದ ನಾಯಕ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಎಂಬುದು ಖಚಿತವಿತ್ತು. ಅಂಪೈರ್ ಬಳಿ ಹೋಗಿ, ಔಟ್ ಕೊಡಿ ಎಂದು ತಂಡ ಮಾಡಿದ್ದ ಮನವಿ ಹಿಂತೆಗೆದುಕೊಂಡು ಟೇಲರ್ ಅವರನ್ನು ಮರಳಿ ಕರೆಸಿದರು. ಆ ಜೋಡಿ 171 ರನ್ ಸೇರಿಸಿತು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಇಲ್ಲಿ ಎರಡು ಅಂಶ ಗುರುತು ಹಾಕಿಕೊಳ್ಳಿ. ವಿಶ್ವನಾಥ್ ಅಂಪೈರ್ ಜತೆ ಜಗಳಕ್ಕೆ ನಿಲ್ಲಲಿಲ್ಲ. ಅಂಪೈರ್ ಒಪ್ಪಿಗೆ ಪಡೆದು ನಾಯಕ ಮನವಿ ಹಿಂಪಡೆಯಲು ಕ್ರಿಕೆಟ್ ನಿಯಮದಲ್ಲೇ ಅವಕಾಶವಿದೆ. ಎರಡನೆಯದು, ಅವರು ತೆತ್ತ ಬೆಲೆ ನಿಜವಾದದ್ದು. "ಪ್ರಾಮಾಣಿಕನೇ ಕೊನೆಗೆ ಗೆಲ್ಲುತ್ತಾನೆ" ಎಂದು ಮಕ್ಕಳಿಗೆ ಹೇಳಿಕೊಡುವುದು ನನಗೆ ಒಪ್ಪಿಗೆಯಿಲ್ಲ. ಮರುವಾರವೇ ಪ್ರಾಮಾಣಿಕವಾಗಿ ಆಡಿ ಸೋತ ಹುಡುಗಿ ನಮ್ಮ ಮುಖ ನೋಡಿದರೆ ಏನು ಹೇಳುತ್ತೇವೆ?

ಇನ್ನು ನನ್ನನ್ನು ಹೆಚ್ಚು ಕಾಡುವ ಭಾಗ: ವಯಸ್ಸಿನ ಸುಳ್ಳು. 14 ವರ್ಷದೊಳಗಿನವರ, 17 ವರ್ಷದೊಳಗಿನವರ ವಿಭಾಗಗಳು ಇರುವುದೇ ಮೈಕಟ್ಟು ಸಮನಾಗಿರಲಿ ಎಂದು. 16 ವರ್ಷದ ಹುಡುಗನ ಜನ್ಮದಿನಾಂಕ ತಿದ್ದಿ ಕಿರಿಯರ ತಂಡಕ್ಕೆ ಸೇರಿಸಿದರೆ ಒಬ್ಬ ಅರ್ಹ ಮಗುವಿನ ಜಾಗ ಹೋಗುತ್ತದೆ, ಎದುರು ತಂಡದ ಮಕ್ಕಳಿಗೆ ಪೆಟ್ಟಾಗುವ ಭಯವೂ ಹೆಚ್ಚುತ್ತದೆ. ರಾಹುಲ್ ದ್ರಾವಿಡ್ 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಇದನ್ನು ಫಿಕ್ಸಿಂಗ್‌ಗೆ, ಅಂದರೆ ಹಣಕ್ಕಾಗಿ ಪಂದ್ಯವನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಮೋಸಕ್ಕೆ, ಹೋಲಿಸಿದ್ದರು. ದಾಖಲೆಯನ್ನು ತಿದ್ದುವವರು ಮಕ್ಕಳಲ್ಲ, ಮನೆಯ ಹಿರಿಯರು, ತರಬೇತುದಾರರು, ಕೆಲವೊಮ್ಮೆ ನಮ್ಮ ವೃತ್ತಿಯವರೇ. ಅದನ್ನು ಕಣ್ಣಾರೆ ಕಂಡ ಮಗುವಿಗೆ ನಾವು ನೀತಿ ಹೇಳಿದರೆ ಅದರ ಕಿವಿಗೆ ಹೋಗದು.

ಕೈಕುಲುಕುವುದು, ಬಿದ್ದವರನ್ನು ಎಬ್ಬಿಸುವುದು, ಎದುರಾಳಿಗೂ ಚಪ್ಪಾಳೆ ತಟ್ಟುವುದು ಇವು ಎಲ್ಲರಿಗೂ ಗೊತ್ತಿರುವ ಅಂಶಗಳು. ಉತ್ತರದಲ್ಲಿ ಒಂದು ಸಾಲು ಸಾಕು. ಗೆರೆಯಾಚೆ ನಿಂತು ತೀರ್ಪುಗಾರರನ್ನು ಬೈಯುವ ಪೋಷಕರ ಬಗ್ಗೆ ಮಾತ್ರ ತಪ್ಪದೆ ಬರೆಯಿರಿ.

ಬೋಧನಾಭ್ಯಾಸಕ್ಕೆ ಹೋದಾಗ ಇದನ್ನು ಮಾಡಿ ನೋಡಿ. ವಾರಕ್ಕೊಮ್ಮೆ ಅಂಪೈರ್ ಇಲ್ಲದೆ ಕಬಡ್ಡಿ ಆಡಿಸಿ. ಮುಟ್ಟಿಸಿಕೊಂಡವರು ತಾವೇ ಹೇಳಿ ಹೊರಗೆ ಬರಬೇಕು. ಮೊದಮೊದಲು ಗಲಾಟೆ ಆಗಿಯೇ ಆಗುತ್ತದೆ. ಆಗ ಸೀಟಿ ಊದಬೇಡಿ. ಇಬ್ಬರೂ ಪಟ್ಟು ಬಿಡದಿದ್ದರೆ ಯಾರಿಗೂ ಅಂಕ ಕೊಡದೆ ಅದೇ ದಾಳಿಯನ್ನು ಮತ್ತೆ ಆಡಿಸಿ.