ಈಜುಕೊಳದ ಬೋರ್ಡಿನ ಮೇಲೆ ಯಾರ ಹೆಸರು?

ಮೆಲ್ಬರ್ನ್‌ನಲ್ಲಿ ಹೆರಾಲ್ಡ್ ಹೋಲ್ಟ್ ಹೆಸರಿನ ಒಂದು ಈಜುಕೊಳ ಇದೆ. ಹೋಲ್ಟ್ ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದವರು. 1967ರ ಡಿಸೆಂಬರ್ 17ರಂದು ಚೆವಿಯಟ್ ಬೀಚಿನಲ್ಲಿ ಈಜಲು ಇಳಿದವರು ವಾಪಸ್ ಬರಲೇ ಇಲ್ಲ. ಶವವೂ ಸಿಗಲಿಲ್ಲ. ಆಗ ಅವರ ಸ್ವಂತ ಕ್ಷೇತ್ರದಲ್ಲಿ ಈ ಕೊಳದ ಕೆಲಸ ನಡೆಯುತ್ತಿತ್ತು. 1969ರಲ್ಲಿ ಬಾಗಿಲು ತೆರೆದಾಗ ಅದಕ್ಕೆ ಅವರದೇ ಹೆಸರಿಟ್ಟರು. ಸಮುದ್ರದಲ್ಲಿ ಕಾಣೆಯಾದವರ ಹೆಸರನ್ನು ಮಕ್ಕಳು ಈಜು ಕಲಿಯೋ ಜಾಗಕ್ಕೆ ಇಡ್ತಾರಾ ಅನ್ನೋ ಜೋಕು ಇವತ್ತಿಗೂ ನಿಂತಿಲ್ಲ. ಇಟ್ಟವರ ಮನಸ್ಸಿನಲ್ಲಿ ಕುಹಕ ಇರಲಿಲ್ಲ ಅನ್ನಿ. ಹೋಲ್ಟ್ ಆ ಊರಿನ ಎಂಪಿ, ಮೇಲಾಗಿ ಈಜಿನ ಹುಚ್ಚು ಇದ್ದವರು.

ಆ ಕಾಲದಲ್ಲಿ ಹೆಸರು ಕೌನ್ಸಿಲ್, ಅಂದ್ರೆ ಅಲ್ಲಿನ ನಗರಸಭೆಯ, ಸಭೆಯಲ್ಲೇ ತೀರ್ಮಾನವಾಗುತ್ತಿತ್ತು. ಈಗ ಹಾಗಿಲ್ಲ. ಊರಿಗೊಂದು ಹೊಸ ಕೊಳ ಬರುತ್ತೆ ಅಂದ್ರೆ ಕೌನ್ಸಿಲ್ ಜನರ ಮುಂದೆ ಫಾರ್ಮ್ ಇಡುತ್ತದೆ. ಕಟ್ಟಡಕ್ಕೆ ಏನು ಹೆಸರು ಅನ್ನೋದರ ಜೊತೆಗೆ ಒಳಗಿನ ಮೀಟಿಂಗ್ ರೂಮು, ಸಭಾಂಗಣ, ಮಕ್ಕಳ ಕೊಳಕ್ಕೆ ಏನು ಹೆಸರು ಅಂತಲೂ ಕೇಳುವುದುಂಟು. ಇದು ಸುಮ್ನೆ ಬಂದ ಅಭ್ಯಾಸವಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಎಷ್ಟೋ ಊರುಗಳು ಸತ್ತ ಸೈನಿಕರ ನೆನಪಿಗೆ ಕಲ್ಲಿನ ಕಂಬ ನಿಲ್ಲಿಸುವ ಬದಲು ಜನರಿಗೆ ಉಪಯೋಗಕ್ಕೆ ಬರುವ ಏನಾದರೂ ಕಟ್ಟೋಣ ಅಂದುಕೊಂಡವು. ಸಭಾಭವನ, ಗ್ರಂಥಾಲಯಗಳ ಜೊತೆ ಈಜುಕೊಳಗಳೂ ಎದ್ದವು. ಹಾಗಾಗಿ ‘ಮೆಮೋರಿಯಲ್ ಪೂಲ್’ ಎಂಬ ಬೋರ್ಡು ಅಲ್ಲಿ ಅಷ್ಟು ಜಾಸ್ತಿ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್ ನಡೆಯಿತು, ‘ಒಲಿಂಪಿಕ್ ಪೂಲ್’ ಅನ್ನುವ ಹೆಸರೂ ಊರೂರಿಗೆ ಹಬ್ಬಿತು. ಚಂದಾ ಎತ್ತಿ, ಕೇಕ್ ಮಾರಿ ದುಡ್ಡು ಕೂಡಿಸಿದವರು ಊರಿನವರೇ. ಹಾಗಾಗಿ ಆ ಹೆಸರು ತಮ್ಮದು ಅನ್ನೋ ಭಾವನೆ ಅವರಿಗಿತ್ತು.

ಆದರೆ ಊರಿನವರು ಅಂದ್ರೆ ಯಾರು? ಈ ಪ್ರಶ್ನೆ ಬಂದಾಗ ನ್ಯೂ ಸೌತ್ ವೇಲ್ಸ್‌ನ ಮೋರಿ ಪಟ್ಟಣದ ಕಥೆ ಹೇಳದೆ ಮುಂದೆ ಹೋಗೋಕಾಗಲ್ಲ. ಮೋರಿಯಲ್ಲಿ ನೆಲದಾಳದಿಂದ ಬಿಸಿನೀರು ಉಕ್ಕುತ್ತದೆ. 1895ರಲ್ಲಿ ಕೊರೆದ ಬಾವಿಯಿಂದ ಬಂದ ಆ ನೀರೇ ಊರಿಗೆ ಹೆಸರು ತಂದಿತು, ಸ್ನಾನದ ಕೊಳಗಳಾದವು. 1955ರಲ್ಲಿ ಅಲ್ಲಿನ ಕೌನ್ಸಿಲ್ ಒಂದು ನಿರ್ಣಯ ಮಾಡಿತು. ಮೂಲನಿವಾಸಿಗಳು ಆ ಕೊಳಕ್ಕೂ ಬರಕೂಡದು, ಊರಿನ ಮೆಮೋರಿಯಲ್ ಹಾಲಿಗೂ ಕಾಲಿಡಕೂಡದು. ಮೂಲನಿವಾಸಿ ಮಕ್ಕಳು ಶಾಲೆಯವರ ಜೊತೆ ಶಾಲೆಯ ಹೊತ್ತಿನಲ್ಲಿ ಬಂದರೆ ಈಜಬಹುದಿತ್ತು. ಶಾಲೆ ಬಿಟ್ಟ ಮೇಲೆ ಬಿಳಿ ಮಕ್ಕಳು ನೀರಿನಲ್ಲೇ ಉಳಿಯುತ್ತಿದ್ದರು, ಇವರು ಹೊರಗೆ ಹೋಗಬೇಕಿತ್ತು. ಜೊತೆಗೇ ಬೆಂಚಿನಲ್ಲಿ ಕೂತ ಮಕ್ಕಳು ಇವರು.

1965ರ ಫೆಬ್ರವರಿಯಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ಬಸ್ಸು ಮಾಡಿಕೊಂಡು ಇಂಥ ಊರುಗಳಿಗೆ ಹೊರಟರು. ಕಪ್ಪು-ಬಿಳಿ ಭೇದದ ವಿರುದ್ಧ ಬಸ್ಸಿನಲ್ಲಿ ಹೊರಟ ಅಮೆರಿಕದ ‘ಫ್ರೀಡಂ ರೈಡ್’ ಅವರಿಗೆ ಮಾದರಿ. ಮುಂದಾಳು ಚಾರ್ಲ್ಸ್ ಪರ್ಕಿನ್ಸ್, ತಾನೂ ಮೂಲನಿವಾಸಿ. ಮೋರಿಯಲ್ಲಿ ಅವರು ಮಕ್ಕಳನ್ನು ಕರೆದುಕೊಂಡು ಕೊಳದ ಗೇಟಿಗೆ ಹೋದರು. ಮೊದಲ ಸಲ ಒಳಗೆ ಬಿಟ್ಟರು. ಬಸ್ಸು ಊರು ದಾಟಿದ ಮೇಲೆ ಮತ್ತೆ ತಡೆ. ವಿಷಯ ಗೊತ್ತಾಗಿ ಬಸ್ಸು ತಿರುಗಿ ಬಂತು. ಗೇಟಿನ ಮುಂದೆ ಜನ ಸೇರಿ ಮೊಟ್ಟೆ, ಟೊಮೆಟೊ ಎಸೆದರು, ಕೈಯೂ ಮಾಡಿದರು. ಕಡೆಗೆ ನಿರ್ಬಂಧ ತೆಗೆಯುವ ಮಾತು ಬಂತು. 2013ರಲ್ಲಿ ಆ ಕೊಳ ಆಸ್ಟ್ರೇಲಿಯಾದ ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿತು. ಸೇರಲು ಕಾರಣ ಬಿಸಿನೀರಲ್ಲ, ಈ ಗಲಾಟೆ.

ಇಂಥ ಚರಿತ್ರೆ ಇರುವಾಗ, ಕೊಳಕ್ಕೆ ಮೂಲನಿವಾಸಿ ಭಾಷೆಯ ಹೆಸರು ಬೇಕು ಅಂತ ಯಾರಾದರೂ ಕೇಳಿದರೆ ಅದನ್ನು ಬರೀ ಫ್ಯಾಶನ್ ಅಂತ ತಳ್ಳಿಹಾಕೋದು ನನಗಂತೂ ಒಪ್ಪಿಗೆಯಿಲ್ಲ. ಸಿಡ್ನಿಯ ಗ್ರೀನ್ ಸ್ಕ್ವೇರ್‌ನಲ್ಲಿ 2021ರಲ್ಲಿ ತೆರೆದ ಕೊಳದ ಹೆಸರು ಗುನ್ಯಾಮಾ. ಕೆನಡಾದ ನ್ಯೂ ವೆಸ್ಟ್‌ಮಿನ್‌ಸ್ಟರ್‌ನಲ್ಲಿ 1973ರ ಕ್ರೀಡಾಕೂಟಕ್ಕೆ ಕಟ್ಟಿದ ‘ಕೆನಡಾ ಗೇಮ್ಸ್ ಪೂಲ್’ ಬದಲಿಗೆ 2024ರಲ್ಲಿ ಬಂದ ಹೊಸ ಕೇಂದ್ರಕ್ಕೂ ಅಲ್ಲಿನ ಮೂಲಜನರ ಭಾಷೆಯಲ್ಲೇ ಹೆಸರಿದೆ. ಕಡಲ ನೀರುನಾಯಿಯ ಮನೆ ಅಂತ ಅದರ ಅರ್ಥ.

ಇನ್ನೊಂದು ದಾರಿ ಕ್ರೀಡಾಪಟುಗಳ ಹೆಸರು. ಕೇಳೋಕೆ ಸಲೀಸು. ಆದರೆ ಬದುಕಿರುವವರ ಹೆಸರಿಡುವುದರಲ್ಲಿ ತಾಪತ್ರಯ ಇದೆ. ಸಿಡ್ನಿಯ ಬಾಲ್ಮೈನ್‌ನ ಹಳೆಯ ಕೊಳಕ್ಕೆ 1964ರಲ್ಲಿ ಡಾನ್ ಫ್ರೇಸರ್ ಹೆಸರಿಟ್ಟರು. ಸತತ ಮೂರು ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದಾಕೆ, ಅದೇ ಊರಿನ ಹುಡುಗಿ. ಮರುವರ್ಷವೇ ಈಜು ಸಂಸ್ಥೆ ಟೋಕಿಯೋ ಒಲಿಂಪಿಕ್ಸ್‌ನ ಒಂದು ತಂಟೆಗಾಗಿ ಆಕೆಗೆ ಹತ್ತು ವರ್ಷ ನಿಷೇಧ ಹೇರಿತು! ಕೊಳದ ಮೇಲೆ ಹೆಸರು, ಸ್ಪರ್ಧೆಗೆ ಮಾತ್ರ ಪ್ರವೇಶ ಇಲ್ಲ. ಹೆಸರು ಹಾಗೇ ಉಳಿಯಿತು, ಆಕೆಯ ಮೇಲೆ ಜನಕ್ಕೆ ಪ್ರೀತಿ ಅಷ್ಟಿತ್ತು. ಎಲ್ಲರಿಗೂ ಆ ಅದೃಷ್ಟ ಇರಲ್ಲ. ವಿಕ್ಟೋರಿಯಾ ರಾಜ್ಯದ ಈಗಿನ ನಿಯಮಗಳು ಬದುಕಿರುವವರ ಹೆಸರು ಬೇಡ ಅನ್ನುತ್ತವೆ. ವ್ಯಾಪಾರದ ಹೆಸರೂ ಬೇಡ. ಜನರ ಅಭಿಪ್ರಾಯ ಕೇಳಲೇಬೇಕು, ಮೂಲನಿವಾಸಿ ಹೆಸರಾದರೆ ಆ ಸಮುದಾಯದ ಒಪ್ಪಿಗೆ ಬೇಕು. ಹತ್ತಿರದಲ್ಲಿ ಅದೇ ರೀತಿಯ ಇನ್ನೊಂದು ಹೆಸರು ಇರಕೂಡದು. ನೀರಿನಲ್ಲಿ ಮಗು ಮುಳುಗಿತು ಅಂತ ಯಾರೋ ತುರ್ತು ನಂಬರ್ 000ಗೆ ಫೋನ್ ಮಾಡಿದಾಗ ಆಂಬ್ಯುಲೆನ್ಸ್ ಬೇರೆ ಕಡೆ ಹೋಗಬಾರದಲ್ವಾ.

ನಮ್ಮ ಕಡೆ ರಸ್ತೆಗೆ, ಸರ್ಕಲ್ಲಿಗೆ ಹೆಸರಿಡುವಾಗ ‘ಆಕ್ಷೇಪಣೆ ಇದ್ದರೆ ತಿಳಿಸಿ’ ಅಂತ ಪೇಪರಿನ ಮೂಲೆಯಲ್ಲಿ ಪ್ರಕಟಣೆ ಬರುತ್ತೆ, ಯಾರೂ ಓದಲ್ಲ. ಬೆಂಗಳೂರಿನ ಸದಾಶಿವನಗರದ ಕೊಳಕ್ಕೆ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ಹೆಸರಿದೆ. ಮಲ್ಲೇಶ್ವರದಲ್ಲಿ ಇದು ಉಲ್ಟಾ. ಅಲ್ಲಿ ಕೊಳವೇ ಬಡಾವಣೆಗೆ ಹೆಸರು ಕೊಟ್ಟಿದೆ, ‘ಸ್ವಿಮ್ಮಿಂಗ್ ಪೂಲ್ ಎಕ್ಸ್‌ಟೆನ್ಶನ್’!

ಜನರನ್ನು ಕೇಳೋದು ಒಂದು, ಕೇಳಿದ್ದನ್ನು ಪಾಲಿಸೋದು ಇನ್ನೊಂದು. ಸಿಡ್ನಿಯಲ್ಲಿ ಹೊಸ ದೋಣಿಗಳಿಗೆ ಹೆಸರು ಸೂಚಿಸಿ ಅಂತ ಸರ್ಕಾರ ಜನರನ್ನು ಕೇಳಿತು. 2017ರ ನವೆಂಬರಿನಲ್ಲಿ ಸಾರಿಗೆ ಸಚಿವರು ಒಂದು ದೋಣಿಗೆ ‘ಫೆರಿ ಮ್ಯಾಕ್‌ಫೆರಿಫೇಸ್’ ಅಂತ ಘೋಷಿಸಿದರು, ಜನರ ಆಯ್ಕೆ ಅನ್ನೋ ಹಾಗೆ. ಕೆಲವು ವಾರ ಕಳೆದ ಮೇಲೆ ದಾಖಲೆ ಹೊರಬಿತ್ತು. ಆ ಹೆಸರಿಗೆ ಬಿದ್ದಿದ್ದು ಬರೀ 182 ವೋಟು. ದೋಣಿಗೆ ಮಕ್ಕಳ ಕಥೆಗಾರ್ತಿ ಮೇ ಗಿಬ್ಸ್ ಹೆಸರನ್ನು ಮತ್ತೆ ಬರೆಸಬೇಕಾಯಿತು. ತಮಾಷೆಯ ಹೆಸರಿಟ್ಟಿದ್ದಕ್ಕಿಂತ ಜನರ ಹೆಸರು ಹೇಳಿಕೊಂಡು ಅದನ್ನಿಟ್ಟಿದ್ದೇ ದೊಡ್ಡ ತಪ್ಪು. ಹಾಗಾಗಿ ಬುದ್ಧಿವಂತ ಕೌನ್ಸಿಲ್‌ಗಳು ಮೊದಲೇ ಷರತ್ತು ಹೇಳಿಬಿಡುತ್ತವೆ: ಸಲಹೆ ಕೊಡಿ, ಆಯ್ಕೆ ಸಮಿತಿಯದು, ಕಾರಣ ಬರೆದು ತಿಳಿಸುತ್ತೇವೆ.

ಒಳಗಿನ ಕೋಣೆಗಳ ಮಾತು ಏಳುವುದು ಹಳೆಯ ಕೊಳ ಒಡೆದಾಗ. ಸಿಡ್ನಿಯ ಪ್ಯಾರಮಟ್ಟ ಸುತ್ತಮುತ್ತ ಕನ್ನಡದ ಮನೆಗಳು ಬೇಕಾದಷ್ಟಿವೆ. ಅಲ್ಲಿದ್ದ 1959ರ ‘ವಾರ್ ಮೆಮೋರಿಯಲ್’ ಕೊಳವನ್ನು 2017ರಲ್ಲಿ ಕ್ರೀಡಾಂಗಣಕ್ಕಾಗಿ ಮುಚ್ಚಿದರು. ಆರು ವರ್ಷ ಊರಿಗೆ ಕೊಳವೇ ಇರಲಿಲ್ಲ. 2023ರಲ್ಲಿ ಮೇಸ್ ಹಿಲ್‌ನಲ್ಲಿ ಹೊಸದು ಬಂತು, ಹೆಸರು ಬರೀ ಪ್ಯಾರಮಟ್ಟ ಅಕ್ವಾಟಿಕ್ ಸೆಂಟರ್. ಯುದ್ಧಸ್ಮಾರಕ ಅನ್ನೋ ಮಾತು ಬೋರ್ಡಿನಿಂದ ಬಿಟ್ಟುಹೋಯಿತು. ಇಂಥ ಕಡೆ ಸೈನಿಕರ ಮನೆಯವರು, ವರ್ಷಗಟ್ಟಲೆ ಮಕ್ಕಳಿಗೆ ಪುಕ್ಕಟೆ ಈಜು ಕಲಿಸಿದವರ ಶಿಷ್ಯರು, ಮೂಲನಿವಾಸಿ ಹಿರಿಯರು ಎಲ್ಲರೂ ಒಂದೇ ಬೋರ್ಡಿಗೆ ಕೈಹಾಕಿದರೆ ಜಗಳ ಖಂಡಿತ. ಕಟ್ಟಡಕ್ಕೆ ಒಂದು ಹೆಸರು, ಸಭಾಂಗಣಕ್ಕೆ ಇನ್ನೊಂದು, ಹೊರಗಿನ ಕೊಳಕ್ಕೆ ಮತ್ತೊಂದು ಅಂತ ಹಂಚಿಕೊಂಡರೆ ಒಂದಿಷ್ಟು ಜನಕ್ಕಾದರೂ ಜಾಗ ಸಿಗುತ್ತದೆ. ಕೌಂಟರಿನಲ್ಲಿ ಕೂತವರು ಕೊನೆಗೂ ‘ರೂಮ್ ನಂಬರ್ ಎರಡು’ ಅಂತಲೇ ಕರೆಯಬಹುದು. ಅದಕ್ಕೇ ಕೆಲವು ಕೌನ್ಸಿಲ್‌ಗಳು ಉದ್ದದ ಹೆಸರು ಬೇಡ, ಬಾಯಲ್ಲಿ ತಿರುಗೋ ಹೆಸರು ಕೊಡಿ ಅಂತ ಫಾರ್ಮಿನಲ್ಲೇ ಬರೆಯುತ್ತವೆ.