ಸೊಪ್ಪಿಗೆ ಹೋದವರ ಜ್ವರ: ಮಂಗನ ಕಾಯಿಲೆಯ ಹಿಂದಿನ ಕಥೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸುವಗಳು ಸತ್ತು ಬೀಳತೊಡಗಿದವು. ಕಾಡಂಚಿನ ಊರುಗಳಲ್ಲಿ ಜನರೂ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಪರೀಕ್ಷಿಸಿದಾಗ ಸಿಕ್ಕಿದ್ದು ಬೇರೆಯೇ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗು, ಎಂದರೆ ರಕ್ತ ಹೀರುವ ಉಣ್ಣೆ, ಕಚ್ಚಿ ಬರುವ ಮಿದುಳು ಜ್ವರದ ವೈರಸ್ಸಿಗೆ ಅದು ಹತ್ತಿರದ ನೆಂಟ. ಹಾಗಾದರೆ ವಲಸೆ ಹಕ್ಕಿಗಳು ಹೊತ್ತು ತಂದವೇ? ಈ ಗುಮಾನಿಯ ಬೆನ್ನು ಹತ್ತಿ ಸಲೀಂ ಅಲಿಯವರ ಹಕ್ಕಿ ವಲಸೆ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟಿತು. ನಮ್ಮ ದೇಶದ ಪಕ್ಷಿಶಾಸ್ತ್ರಕ್ಕೆ ಅದರಿಂದ ಲಾಭವಾಯಿತು. ಆದರೆ ರೋಗಕ್ಕೆ ಹಕ್ಕಿಗಳೇ ಕಾರಣವೆಂದು ಸಾಬೀತಾಗಲಿಲ್ಲ.

ಹೆಚ್ಚು ಹತ್ತಿರದ ಉತ್ತರ ಹುಡುಕಿದವರು ಕೊಲಂಬಿಯಾ ಮೂಲದ ವಿಜ್ಞಾನಿ ಹೋರ್ಹೆ ಬೋಶೆಲ್. 1969ರಲ್ಲಿ ಪ್ರಕಟವಾದ ಅವರ ವಾದ ಇಷ್ಟು: ವೈರಸ್ಸು ಇಲ್ಲಿನ ಕಾಡಿನಲ್ಲಿ ಮೊದಲಿನಿಂದಲೂ ಇದ್ದಿರಬೇಕು. ಜನ ಹೆಚ್ಚಿದರು, ಕಾಡು ಕಡಿದು ಗದ್ದೆಯಾಯಿತು, ದನಗಳು ಉಳಿದ ಕಾಡಿಗೆ ಮೇಯಲು ನುಗ್ಗಿದವು. ಬಲಿತ ಉಣುಗಿಗೆ ದನದ ರಕ್ತ ಸಿಕ್ಕಿದರೆ ಮೊಟ್ಟೆಗೆ ಬರವಿಲ್ಲ. ದನಕ್ಕೇನೂ ಆಗುವುದಿಲ್ಲ, ಉಣುಗಿನ ಸಂತತಿ ಮಾತ್ರ ಬೆಳೆಯುತ್ತದೆ. ಅದೇ ಉಣುಗಿನ ಮರಿ ಮಂಗಕ್ಕೆ ಅಂಟುತ್ತದೆ. ಮಂಗ ಸತ್ತು ಬಿದ್ದಲ್ಲಿ ವೈರಸ್ ತುಂಬಿಕೊಂಡ ಮರಿಗಳು ಉದುರಿ, ಮುಂದೆ ಅಲ್ಲಿಗೆ ಬಂದವರನ್ನು ಕಾಯುತ್ತವೆ.

ಜನ ಹೆಚ್ಚಿದ್ದರ ಹಿಂದೆ ಇನ್ನೊಂದು ಜ್ವರದ ಕಥೆಯಿದೆ. ಮಲೇರಿಯಾದಿಂದಾಗಿ ಮಲೆನಾಡಿನ ಊರುಗಳು ಪಾಳು ಬೀಳುತ್ತಿದ್ದ ಕಾಲವೊಂದಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮಲೆನಾಡು ಸುಧಾರಣೆಗೆಂದೇ ಯೋಜನೆ ಹಾಕಬೇಕಾಯಿತು. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು, ಮನೆಮನೆಗೆ ಡಿಡಿಟಿ ಹೊಡೆದ ಮೇಲೆ ಇಲ್ಲಿ ಬದುಕುವುದು ಸುಲಭವಾಯಿತು. ಒಂದು ಜ್ವರ ಹಿಂದೆ ಸರಿದದ್ದು ಇನ್ನೊಂದಕ್ಕೆ ದಾರಿ ಮಾಡಿತು ಎನ್ನುವುದು ವಿಚಿತ್ರವಾದರೂ, ಅದರಲ್ಲಿ ಹುರುಳಿದೆ.

ಯಾರಿಗೆ ಕಚ್ಚುತ್ತದೆ ಎಂಬ ಪ್ರಶ್ನೆಗೆ ಬರೋಣ. ಜ್ವರದ ಕಾಲ ಡಿಸೆಂಬರ್‌ನಿಂದ ಮೇ. ಗದ್ದೆ ಕೊಯ್ಲು ಮುಗಿದು ಕೂಲಿ ಕಡಿಮೆಯಾಗುವ, ಕಾಡು ಒಣಗಿ ದರಗು ಉದುರುವ ತಿಂಗಳುಗಳೂ ಅವೇ. ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ಹಾಸಲು ದರಗು ಬೇಕು, ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಒಲೆಗೂ ಸೌದೆ ಬೇಕು. ತೋಟ ಒಬ್ಬರದು. ದರಗು ಗುಡಿಸಿ, ಹೊರೆ ಕಟ್ಟಿ, ತಲೆಯ ಮೇಲಿಟ್ಟು ತರುವವರು ಹೆಚ್ಚಾಗಿ ಇನ್ನೊಬ್ಬರು. ಅವರಲ್ಲಿ ಹೆಂಗಸರು ಬಹಳ. ಎಳ್ಳಿಗಿಂತ ಸಣ್ಣ ಉಣುಗಿನ ಮರಿ ಆ ಹೊರೆಯ ಜೊತೆಗೇ ಮನೆಯಂಗಳಕ್ಕೂ ಬರಬಲ್ಲದು. ಗ್ಯಾಸ್ ಬಂತಲ್ಲ ಎನ್ನುವವರಿದ್ದಾರೆ. ಬಂದಿದೆ, ನಿಜ. ಸಿಲಿಂಡರು ಅನ್ನ ಬೇಯಿಸುತ್ತದೆ. ಹಂಡೆ ನೀರು ಕಾಯಿಸಲು ಅದನ್ನು ಉರಿಸುವ ಕೂಲಿಕಾರರ ಮನೆ ನಾನು ಕಂಡಿಲ್ಲ.

1983ರ ಸುಮಾರಿಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆ ಕಾಯಿಲೆ ಭುಗಿಲೆದ್ದಾಗಲೂ ಹಿನ್ನೆಲೆಯಲ್ಲಿದ್ದದ್ದು ಗೋಡಂಬಿ ತೋಟಕ್ಕಾಗಿ ಕಾಡು ಕಡಿದ ಕೆಲಸ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ರಾಜ್ಯವೆಲ್ಲ ಇತ್ತ ತಿರುಗಿ ನೋಡಿತು. 1964ರ ಲಿಂಗನಮಕ್ಕಿ ಆಣೆಕಟ್ಟು ಊರುಗಳನ್ನು ಮುಳುಗಿಸಿದ ಶರಾವತಿ ಸೀಮೆ ಅದು. ಮುಳುಗಡೆಯವರನ್ನು ತಂದು ಬಿಟ್ಟದ್ದು ಕಾಡಿನ ನಡುವೆ, ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ. ಪಟ್ಟಾ ಇಲ್ಲದ ನೆಲದಲ್ಲಿ ಕೂತವರಿಗೆ ಕಾಡಿಗೆ ಹೋಗಬೇಡಿ ಎಂದು ಬುದ್ಧಿ ಹೇಳುವುದು ಸುಲಭ. ಅವರ ಹಟ್ಟಿಯ ಹಿಂಬದಿಯೇ ಕಾಡು.

ಈ ಕಾಯಿಲೆಗೆ ಇದೇ ಮದ್ದು ಎಂಬ ನಿರ್ದಿಷ್ಟ ಔಷಧ ಇಲ್ಲ. ಜ್ವರ, ರಕ್ತಸ್ರಾವ, ನಿರ್ಜಲೀಕರಣ ನೋಡಿಕೊಂಡು ಆರೈಕೆ ಮಾಡಬೇಕು. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಉಳಿದವರಿಗೂ ವಾರಗಟ್ಟಲೆ ಮೈ ಕೈಯಲ್ಲಿ ಕಸುವಿರುವುದಿಲ್ಲ, ಎಂದರೆ ಕೂಲಿಯೂ ಇಲ್ಲ. ರೋಗ ಬಿಗಡಾಯಿಸಿದರೆ ಸಾಗರದ ಹಳ್ಳಿಗಳಿಂದ ಘಟ್ಟ ಇಳಿದು, ನೂರು ಕಿಲೋಮೀಟರಿಗೂ ಆಚೆಯ ಮಣಿಪಾಲಕ್ಕೆ ಓಡಬೇಕು. ಆಗ ರೇಷನ್ ಕಾರ್ಡು ಎಪಿಎಲ್ಲೋ ಬಿಪಿಎಲ್ಲೋ ಎಂಬ ಪ್ರಶ್ನೆ ಏಳುತ್ತಿತ್ತು. ಅರ್ಧ ಎಕರೆ ಅಡಿಕೆ ಇದ್ದವರ ಕೈಯಲ್ಲಿ ಎಪಿಎಲ್ ಕಾರ್ಡು ಇದ್ದರೆ ಬಿಲ್ಲು ಅವರ ಪಾಲಿಗೆ. ಎರಡೂ ಕಾರ್ಡಿನವರಿಗೆ ಚಿಕಿತ್ಸೆ ಉಚಿತ ಎಂದು ಸರ್ಕಾರ ಹೇಳುವ ಹೊತ್ತಿಗೆ 2024 ಬಂದಿತ್ತು.

ಲಸಿಕೆಯ ಕಥೆಯಲ್ಲೂ ಕೂಲಿಯ ಲೆಕ್ಕ ಬಂತು. 1990ರಿಂದ ಹಾಕುತ್ತಿದ್ದ ಲಸಿಕೆ ಒಂದು ಸಲಕ್ಕೆ ಮುಗಿಯುವಂಥದ್ದಲ್ಲ. ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷಕ್ಕೊಂದರಂತೆ ಬೂಸ್ಟರ್. ಚುಚ್ಚಿದ ಜಾಗದ ನೋವು ಬೇರೆ. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸ್ ಪಡೆದವರಲ್ಲಿ ಪರಿಣಾಮ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು. ತೋಳು ಎತ್ತಲಾಗದೆ ಕೆಲಸ ಬಿಟ್ಟು ಕೂತವರಿಗೆ ಆ ದಿನದ ಕೂಲಿ ಕೊಟ್ಟವರಿಲ್ಲ. ಹೀಗಿರುವಾಗ ಜನ ಹಿಂದೇಟು ಹಾಕಿದರೆ ಅದನ್ನು ಅಜ್ಞಾನ ಎಂದು ಬರೆದಿಡುವುದು ನನಗೆ ಒಪ್ಪಿಗೆಯಿಲ್ಲ. ಕೊನೆಗೆ ಲಸಿಕೆಯೇ ಪರಿಣಾಮಕಾರಿಯಲ್ಲ ಎಂದಾಗಿ 2022ರಲ್ಲಿ ನಿಂತುಹೋಯಿತು.

ಈಗ ಆಶಾ ಕಾರ್ಯಕರ್ತೆಯರು ಹಂಚುವ, ಉಣುಗು ಅಂಟದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯೇ ಮುಖ್ಯ ಆಸರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಲ್ಲಿ ಹೊಸ ಲಸಿಕೆ ತಯಾರಾಗುತ್ತಿದೆ. ಅದು ಊರಿಗೆ ಬರುವಾಗ ಶಿಬಿರ ಸಂಜೆ ಹೊತ್ತಿಗೆ, ಕೇರಿಯಲ್ಲೇ ನಡೆಯಲಿ. ಚುಚ್ಚಿಸಿಕೊಂಡವರಿಗೆ ಮರುದಿನದ ಕೂಲಿಯೂ ಸಿಗಲಿ. ಆ ಹಣ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಬರಬೇಕೋ, ಸೊಪ್ಪು ಹಾಕಿಸಿಕೊಳ್ಳುವ ತೋಟದವರೂ ಪಾಲು ಕೊಡಬೇಕೋ ಎಂಬುದನ್ನು ಗ್ರಾಮಸಭೆಗಳಲ್ಲಿ ಈಗಲೇ ಮಾತಾಡಿಕೊಳ್ಳಬಹುದು.